ಭೀಮೇಶನ ಹಣ್ಣಿನ ಕಾಯಿಲೆ

ತ್ಯಾವಣಿಗೆಯಲ್ಲಿ ಹಣ್ಣು ಕೊಳ್ಳುವುದಕ್ಕೆ ಮೂರೇ ಕಾರಣ: ದೇವರ ನೈವೇದ್ಯ, ಹೆಣ್ಣು ನೋಡುವ ಶಾಸ್ತ್ರ, ಆಸ್ಪತ್ರೆಯಲ್ಲಿ ಮಲಗಿದವರ ಭೇಟಿ. ದೇವರಿಗಾದರೆ ಬಾಳೆಹಣ್ಣು ಸಾಕು. ಹೆಣ್ಣು ನೋಡಲು ಹೊರಟವರ ಕೈಯಲ್ಲಿ ಹಣ್ಣಿನ ಜೊತೆ ಹೂವಿನ ಪೊಟ್ಟಣವೂ ಇರುತ್ತದೆ. ಹೂವೂ ಇಲ್ಲದೆ, ಬಾಳೆಹಣ್ಣೂ ಇಲ್ಲದೆ, ಬರೀ ದಾಳಿಂಬೆ, ಸೇಬು, ಮೋಸಂಬಿ ಹಿಡಿದು ಬಸ್ಸಿಳಿದವನನ್ನು ಕಂಡರೆ ಊರು ಕೇಳುವುದು ಒಂದೇ ಪ್ರಶ್ನೆ: "ಯಾರಿಗೆ ಏನಾಗೈತೆ?"

ಸೃಷ್ಟಿಕರ್ತ ಮನುಷ್ಯನಿಗೆ ನಾಲಿಗೆ ಕೊಟ್ಟ ದಿನವೇ ಈ ಪ್ರಶ್ನೆಯನ್ನೂ ಅದರ ತುದಿಯಲ್ಲಿಟ್ಟು ಕಳಿಸಿರಬೇಕು. ಅದಕ್ಕೆ ಉತ್ತರ ಕೊಡಲಾಗದೆ ಹನ್ನೆರಡು ದಿನ ಕಳೆದ ಒಬ್ಬ ಗೃಹಸ್ಥನ ಕಥೆ ಇದು. ಕೇಳಿದವರ ಮನೆಯಲ್ಲಿ ತೊಟ್ಟಿಲು ತೂಗಲಿ. ಕೇಳದವರ ಮನೆಯಲ್ಲೂ ತೂಗಲಿ.

ಗೃಹಸ್ಥನ ಹೆಸರು ಭೀಮೇಶ್. ಕಾಲುವೆ ನೀರು ಬಳಕೆದಾರರ ಸಂಘದಲ್ಲಿ ಗುಮಾಸ್ತ. ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಬಿಡಬೇಕೆಂಬ ಪಾಳಿಪುಸ್ತಕ ಬರೆಯುವವನು ಅವನೇ. ಹೆಸರಿನಲ್ಲಿ ಭೀಮನಿದ್ದರೂ ಮೈಯಲ್ಲಿ ಅವನ ಸುಳಿವಿರಲಿಲ್ಲ. ಗಾಳಿಯಲ್ಲಿ ಕೊಡೆ ಬಿಚ್ಚಿದರೆ ಇವನು ಕೊಡೆಯನ್ನು ಹಿಡಿದಿದ್ದಾನೋ ಕೊಡೆ ಇವನನ್ನು ಹಿಡಿದಿದೆಯೋ ತಿಳಿಯುತ್ತಿರಲಿಲ್ಲ. ಆದರೆ ಅವನಿಗೊಂದು ಸಣ್ಣ ಜಂಬವಿತ್ತು. "ನಾನು ಸುಳ್ಳು ಹೇಳೋನಲ್ಲ, ಗುಟ್ಟು ಬಿಡೋನೂ ಅಲ್ಲ" ಎಂದು ಆಗಾಗ ಹೇಳಿಕೊಳ್ಳುತ್ತಿದ್ದ. ಈ ಎರಡು ಗುಣಗಳು ಒಂದೇ ಬಾಯಲ್ಲಿ ಸಂಸಾರ ಮಾಡುವುದು ಕಷ್ಟವೆಂಬ ಸತ್ಯ ಅವನಿಗೆ ಮೂವತ್ತಮೂರನೆಯ ವಯಸ್ಸಿನವರೆಗೂ ಹೊಳೆದಿರಲಿಲ್ಲ.

ಆ ಬುಧವಾರ ಅವನು ಹೆಂಡತಿ ದುರ್ಗಾಂಬಿಕಾಳನ್ನು ಚನ್ನಗಿರಿಯ ಡಾಕ್ಟರ್ ಮಾಲಾ ಅವರ ಹತ್ತಿರ ಕರೆದುಕೊಂಡು ಹೋಗಿದ್ದ. ಡಾಕ್ಟರು ಚೀಟಿ ನೋಡಿ, ನಕ್ಕು, "ಎಲ್ಲ ಸರಿಯಾಗಿದೆ. ರಕ್ತ ಸ್ವಲ್ಪ ಕಡಿಮೆ. ಮಾತ್ರೆ ಬರೆದಿದ್ದೀನಿ. ಸೊಪ್ಪು, ಕಾಳು ಕೊಡಿ, ದಿನಾ ಹಣ್ಣು ಕೊಡಿ. ಹನ್ನೆರಡು ದಿನ ಬಿಟ್ಟು ಸೋಮವಾರ ಬನ್ನಿ, ಸ್ಕ್ಯಾನಿಂಗ್ ಮಾಡೋಣ" ಎಂದರು.

"ಯಾವ ಹಣ್ಣು ಕೊಡ್ಬೇಕು ಡಾಕ್ಟ್ರೇ?" ಎಂದು ಭೀಮೇಶ್ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಆದರೆ ಅಷ್ಟರಲ್ಲಿ ಹೊರಗೆ ಯಾರಿಗೋ ಹೆರಿಗೆ ನೋವು ಜೋರಾಗಿ, ಡಾಕ್ಟರು "ಒಳ್ಳೆ ಹಣ್ಣು ಕೊಡ್ರೀ" ಎಂದು ಓಡಿದರು. ಆ ಒಂದು ಮಾತನ್ನು ಬಿಡಿಸಿ ಹೇಳಲು ಅರ್ಧ ನಿಮಿಷ ಸಿಕ್ಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮನೆಗೆ ಬಂದಾಗ ತಾಯಿ ಗಾದ್ರಮ್ಮ ದೇವರ ಮುಂದೆ ದೀಪ ಹಚ್ಚಿಟ್ಟು ಕಾಯುತ್ತಿದ್ದಳು. ಮಗನ ಕೈ ಹಿಡಿದು ದೀಪದ ಮುಂದೆ ನಿಲ್ಲಿಸಿದಳು.

"ಸ್ಕ್ಯಾನಿಂಗ್ ಆಗೋಗಂಟ ಯಾರ ಮುಂದೂ ಬಾಯಿ ಬಿಡಬ್ಯಾಡ. ಆಣೆ ಮಾಡು."

"ದುರ್ಗಿ ತವರಿಗೆ, ಜಗಳೂರಿಗಾದ್ರೂ ಒಂದು ಫೋನು..."

"ಜಗಳೂರಿಗಂತೂ ಬ್ಯಾಡವೇ ಬ್ಯಾಡ! ಬೀಗರ ಕಿವಿಗೆ ಬಿದ್ದದ್ದು ಹೋದ ಸಲ ಸಂಜೆ ಹೊತ್ತಿಗೆ ನ್ಯಾಮತಿ ಮುಟ್ಟಿತ್ತು."

ಹೋದ ಸಲ, ಅಂದರೆ ಎರಡು ವರ್ಷದ ಹಿಂದೆ ಬಸುರಿನ ಎರಡನೇ ತಿಂಗಳಿಗೇ ಓಣಿಗೆಲ್ಲ ಪೇಡೆ ಹಂಚಿದ್ದರು. ಹದಿನೈದೇ ದಿನಕ್ಕೆ ಎಲ್ಲ ಮುಗಿದುಹೋಗಿತ್ತು. ಆಮೇಲೆ ಪೇಡೆ ತಿಂದವರೆಲ್ಲ ಒಬ್ಬೊಬ್ಬರಾಗಿ ಬಂದು "ಹೆಂಗಾತವ್ವ? ಏನು ಎತ್ತಿದ್ದೆ? ಏನು ತಿಂದಿದ್ದೆ?" ಎಂದು ಕೇಳಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು. ಆದರೆ ಉತ್ತರ ಹೇಳಬೇಕಾದವಳು ಒಬ್ಬಳೇ.

ದುರ್ಗಾಂಬಿಕಾ ಮೆಲ್ಲಗೆ ಅಂದಳು: "ರೀ, ಅತ್ತೆ ಹೇಳಿದಂಗೆ ಮಾಡ್ರಿ. ಆಗೋದು ದೇವರ ಕೈಯಾಗೈತೆ. ಆದ್ರೆ ಏನಾದ್ರೂ ಆದ್ರೆ, ಊರಿಗೆಲ್ಲ ಇನ್ನೊಂದ್ಸಲ ಹೇಳಾಕೆ ನನ್ನ ಕೈಲಿ ಆಗಲ್ಲ."

ಭೀಮೇಶ್ ದೀಪ ಮುಟ್ಟಿ ಆಣೆ ಮಾಡಿದ. ಮಾಡಿದ ಮೇಲೆ ಕಾಗದ ಪೆನ್ನು ಹಿಡಿದು, ತಾಯಿಯ ಮುಂದೆ ಕೂತು, ಹಣ್ಣಿನ ವಿಚಾರ ಎತ್ತಿದ.

"ಪರಂಗಿ?"

"ಆ ಹೆಸರನ್ನೇ ಈ ಮನ್ಯಾಗೆ ಎತ್ತಬ್ಯಾಡ!"

"ಅನಾನಸ್?"

"ಅದು ಪರಂಗಿಯ ಅಣ್ಣ."

"ಬಾಳೆಹಣ್ಣು?"

"ಕಫ."

"ಹಲಸು?"

"ವಾಯು."

"ಕಲ್ಲಂಗಡಿ?"

"ಥಂಡಿ."

"ಕಪ್ಪು ದ್ರಾಕ್ಷಿ?"

"ಕೂಸು ಕಪ್ಪಗಾಗ್ತೈತೆ."

"ನಾವೇನು ಬೆಳ್ಳಗಿದೀವಾ ಅವ್ವ?"

"ಅದಕ್ಕೇ ಹೇಳಿದ್ದು! ಇನ್ನೂ ಎಷ್ಟು ಕಪ್ಪಾಗ್ಬೇಕು?"

"ಪೇರಲ?"

"ಬೀಜ. ಹೊಟ್ಟೆಯಾಗೆ ಕೂಸಿಗೆ ಚುಚ್ತಾವೆ."

ಒಳಗಿನಿಂದ ದುರ್ಗಾಂಬಿಕಾಳ ಧ್ವನಿ ಆಸೆಯಿಂದ ಬಂತು: "ಅತ್ತೆ, ಸೀತಾಫಲ?"

"ಅದರ ಬೀಜ ಇನ್ನೂ ದೊಡ್ಡದು ಕಣವ್ವ!"

ಜಗಳೂರಿನ ಕಲ್ಲುಗುಡ್ಡಗಳ ಮಗಳು ದುರ್ಗಾಂಬಿಕಾ. ಆ ಗುಡ್ಡಗಳಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆಯುವುದು ಸೀತಾಫಲ. ಕೊನೆಗೆ ಹಾಳೆಯಲ್ಲಿ ಉಳಿದದ್ದು ಮೂರು: ದಾಳಿಂಬೆ, ಸೇಬು, ಮೋಸಂಬಿ. ದಾಳಿಂಬೆಯಲ್ಲಿ ಬೀಜ ಇಲ್ಲವೇ ಎಂದು ಕೇಳಲು ಭೀಮೇಶನ ಬಾಯಿ ತುರಿಸಿತು. ಅದೂ ಹೋದರೆ ಎರಡೇ ಉಳಿಯುತ್ತವೆಂದು ನುಂಗಿಕೊಂಡ. ಲೋಕದ ಸಮಸ್ತ ಹಣ್ಣುಗಳನ್ನೂ ಗಾದ್ರಮ್ಮನ ಜರಡಿಯಲ್ಲಿ ಹಾಕಿ ಜರಡಿ ಹಿಡಿದಾಗ, ಊರಿನವರು ರೋಗಿಗೆ ಒಯ್ಯುವ ಮೂರೇ ಹಣ್ಣುಗಳು ಮೇಲೆ ನಿಂತವು. ವಿಧಿಯಾಟವೆಂದರೆ ಅದು.

ಮರುದಿನ, ಊರಿನಲ್ಲಿ ಕೊಂಡರೆ ಸುದ್ದಿಯಾದೀತೆಂದು ಜಾಣತನದಿಂದ ಚನ್ನಗಿರಿಗೇ ಹೋಗಿ ಮೂರನ್ನೂ ಎರಡೆರಡು ಕೇಜಿ ಕೊಂಡ. ಬಸ್ಸು ಹತ್ತಿ ಕೂತ. ಪಕ್ಕದಲ್ಲಿ ಬಂದು ಕೂತವಳು ಅಜ್ಜಮ್ಮ.

ಅಜ್ಜಮ್ಮ ಅವರ ಪಕ್ಕದ ಮನೆಯವಳು. ಎರಡೂ ಮನೆಗಳ ಹಿತ್ತಿಲಿಗೆ ಒಂದೇ ಗೋಡೆ. ಯಾರ ಮನೆಯಲ್ಲಿ ಕಷ್ಟವಿದ್ದರೂ ಮೊದಲು ಓಡುವವಳು ಆಕೆಯೇ. ಕಷ್ಟವಿಲ್ಲದ ಮನೆ ಕಂಡರೆ ಆಕೆಗೆ ಸಮಾಧಾನವಿರುತ್ತಿರಲಿಲ್ಲ. ಆಕೆ ಚೀಲದ ಬಾಯಿ ಅಗಲಿಸಿ ನೋಡಿದಳು.

"ಯಾರಿಗೋ ಇದು?"

"ಮನೆಗೆ ದೊಡ್ಡವ್ವ."

"ಮನ್ಯಾಗೆ ಯಾರಿಗೆ?"

"ಸುಮ್ನೆ ತಿನ್ನಾಕೆ."

"ಸುಮ್ಮನೆ ದಾಳಿಂಬೆ ತಿನ್ನಾಕೆ ನೀನೇನು ಪಾಳೇಗಾರ್ರ ಮನೆತನದವನಾ? ಗಾದ್ರಮ್ಮಗೆ ಹುಷಾರಿಲ್ವೇನೋ?"

"ಅವ್ವ ಗಟ್ಟಿಮುಟ್ಟಾಗವ್ಳೆ."

"ಹಂಗಾದ್ರೆ ನಿನ್ನ ಹೆಂಡ್ತಿಗೆ..."

ಭೀಮೇಶ್ ಚೀಲದ ಬಾಯಿ ಬಿಗಿಹಿಡಿದ. "ಇಲ್ಲ ದೊಡ್ಡವ್ವ! ಅವ್ಳಿಗೆ ಯಾವ ಕಾಯಿಲೆನೂ ಇಲ್ಲ. ದೇವರಾಣೆಗೂ ಇಲ್ಲ."

ಇದು ಸುಳ್ಳಲ್ಲ. ಬಸುರು ಕಾಯಿಲೆಯೆಂದು ಯಾರೂ ಹೇಳಿಲ್ಲ. ಅಜ್ಜಮ್ಮ ಬೆರಳು ಮಡಚಿ ಎಣಿಸಿದಳು. ಆ ಮನೆಯಲ್ಲಿರುವುದು ಮೂರೇ ಜನ. ಎರಡು ಬೆರಳು ಮಡಚಿದವು. ಮೂರನೆಯದು ನೆಟ್ಟಗೆ ನಿಂತು ಭೀಮೇಶನ ಮೂಗನ್ನೇ ತೋರಿಸಿತು.

"ಅಯ್ಯೋ ನನ್ನಪ್ಪಾ," ಎಂದಳು ಆಕೆ, ದನಿ ತಗ್ಗಿಸಿ. ತಗ್ಗಿಸಿದ ದನಿ ಡ್ರೈವರ್‌ವರೆಗೂ ಕೇಳಿತು. "ಏನಾಗೈತೋ ನಿಂಗೆ? ಬಾಯಿ ಬಿಟ್ಟು ಹೇಳಾಕೆ ಆಗ್ದಂಥದ್ದಾ?"

ಈ ಪ್ರಶ್ನೆಯನ್ನು ದೇವರೇ ಕಳಿಸಿದನೆಂದು ಭೀಮೇಶನಿಗೆ ಅನ್ನಿಸಿತು. ಇದಕ್ಕೆ ಸತ್ಯವನ್ನೇ ಹೇಳಬಹುದಿತ್ತು.

"ಹೌದು ದೊಡ್ಡವ್ವ. ಹೇಳಾಕೆ ಆಗಲ್ಲ."

ಅಷ್ಟೇ. ಕಂಡಕ್ಟರ್ ಬಂದು, "ಅಣ್ಣಾರೆ, ಈ ಕಡೆ ಕಿಟಕಿ ಹತ್ರ ಕುಂದರ್ರಿ, ಗಾಳಿ ಬರ್ಲಿ" ಎಂದು ಸೀಟು ಬಿಡಿಸಿಕೊಟ್ಟ. ಬಸ್ಸಿನಲ್ಲಿ ಹಾಡುತ್ತಿದ್ದ ಹಾಡನ್ನೂ ಡ್ರೈವರ್ ನಿಲ್ಲಿಸಿಬಿಟ್ಟ.

ಅಷ್ಟಕ್ಕೇ ನಿಂತಿದ್ದರೆ ಎರಡು ದಿನದಲ್ಲಿ ಮರೆತುಹೋಗುತ್ತಿತ್ತು. ಆದರೆ ಬಸುರಿಯ ಹೊಟ್ಟೆ ಯಾರ ಆಣೆಗೂ ಬಗ್ಗುವುದಲ್ಲ. ಶುಕ್ರವಾರ ಬೆಳಗ್ಗೆ ಹಿತ್ತಿಲ ಬಚ್ಚಲಲ್ಲಿ ದುರ್ಗಾಂಬಿಕಾ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡಳು. ಗೋಡೆಯಾಚೆಯಿಂದ ಪ್ರಶ್ನೆ ತೂರಿ ಬಂತು: "ಯಾರದು ವಾಂತಿ?"

ಗಾದ್ರಮ್ಮ ಮಗನ ಕೈಗೆ ತಂಬಿಗೆ ಕೊಟ್ಟು ಹೊರಗೆ ದಬ್ಬಿದಳು. ಭೀಮೇಶ್ ಹಿತ್ತಿಲಿಗೆ ಬಂದು, ಗೋಡೆಯ ಮೇಲೆ ಕಾಣುತ್ತಿದ್ದ ಅಜ್ಜಮ್ಮನ ತಲೆಯನ್ನು ನೋಡಿಯೂ ನೋಡದ ಹಾಗೆ, ಗಳಗಳನೆ ಬಾಯಿ ಮುಕ್ಕಳಿಸಿ ಉಗುಳಿದ. ಮಾತು ಒಂದೂ ಆಡಲಿಲ್ಲ. ಬಾಯಿ ಮುಕ್ಕಳಿಸುವುದು ಸುಳ್ಳೆಂದು ಯಾವ ಶಾಸ್ತ್ರವೂ ಹೇಳಿಲ್ಲ.

"ಶಿವನೇ," ಎಂದಿತು ಗೋಡೆಯ ಮೇಲಿನ ತಲೆ, ಮತ್ತು ಇಳಿದು ಮಾಯವಾಯಿತು.

ಹತ್ತು ಗಂಟೆಗೆ ಮೊದಲ ಭೇಟಿ ಬಂತು. ಹನ್ನೊಂದಕ್ಕೆ ಎರಡನೆಯದು. ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯಲ್ಲಿ ಚಾಪೆ ಸಾಲದಾಯಿತು. ಬಂದವರೆಲ್ಲರ ಕೈಯಲ್ಲೂ ಹಣ್ಣು. ದಾಳಿಂಬೆ, ಸೇಬು, ಮೋಸಂಬಿ. ಒಂದು ನಿಮಿಷ ಭೀಮೇಶನಿಗೆ ಆನಂದವೇ ಆಯಿತು. ತಾನು ಹುಡುಕಿಕೊಂಡು ಹೋಗಬೇಕಾದದ್ದು ತಾನಾಗಿ ಮನೆಬಾಗಿಲಿಗೆ ಬರುತ್ತಿದೆಯಲ್ಲ! ಇಷ್ಟರಲ್ಲಿ ಅರ್ಧ ತಿಂದರೂ ಹೆಂಡತಿಯ ರಕ್ತ ಉಕ್ಕಿ ಹರಿಯುವುದು ಖಂಡಿತ.

ಆದರೆ ತ್ಯಾವಣಿಗೆಯ ಜನ ಹಣ್ಣು ಕೊಟ್ಟು ಎದ್ದು ಹೋಗುವವರಲ್ಲ. ರೋಗಿ ತಿಂದದ್ದನ್ನು ಕಣ್ಣಾರೆ ಕಂಡರೇ ಅವರಿಗೆ ಪುಣ್ಯ. ಅಜ್ಜಮ್ಮ ಕಾಲು ಚಾಚಿ ಕೂತು, ಮೋಸಂಬಿ ಸುಲಿದು, ತೊಳೆ ಬಿಡಿಸಿ, ನಾರು ಕಿತ್ತು, ಒಂದೊಂದೇ ಅವನ ಬಾಯಿಗಿಟ್ಟಳು.

"ಸಾಕು ದೊಡ್ಡವ್ವ."

"ಸಾಕು ಅನ್ನೋದೇ ಕಾಯಿಲೆ ಲಕ್ಷಣ. ಆ ಅನ್ನು."

"ದುರ್ಗಿಗೂ ಎರಡು ಕೊಡ್ರಿ."

"ಪಾಪ, ಇಂಥಾ ಟೈಮ್‌ನಾಗೂ ಹೆಂಡ್ತಿ ಗ್ಯಾನ," ಎಂದು ಬಂದಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವ್ಳು ಗಟ್ಟಿಯಾಗವ್ಳೆ, ನೀನು ತಿನ್ನಪ್ಪ."

ಹೀಗೆ ಗರ್ಭಿಣಿಗೆಂದು ಹೊರಟ ಹಣ್ಣುಗಳು ದಾರಿ ತಪ್ಪಿ ಗಂಡನ ಹೊಟ್ಟೆ ಸೇರತೊಡಗಿದವು. ಜನ ಹೋದ ಸಂಜೆ ಉಳಿದ ಸೇಬನ್ನು ಹೆಂಡತಿಯ ಮುಂದಿಟ್ಟರೆ ಅವಳಿಗೆ ಅದರ ವಾಸನೆಯೇ ಆಗದು. ದಾಳಿಂಬೆ ಬಾಯಿಗೆ ಹಾಕಿಕೊಂಡು ಹಿತ್ತಿಲಿಗೆ ಓಡಿದಳು. ಹಿಂದೆಯೇ ಇವನು ತಂಬಿಗೆ ಹಿಡಿದು ಓಡಿದ.

"ಅವ್ವ, ನಿಜ ಹೇಳಿಬಿಡಾನ. ನನ್ನ ಕೈಲಾಗಲ್ಲ," ಎಂದು ಭಾನುವಾರ ಅವನು ಅಂಗಲಾಚಿದ.

ಗಾದ್ರಮ್ಮ ದೇವರ ಕಡೆ ತಿರುಗಿ ಕೈ ಮುಗಿದಳು. "ಇರ್ಲಿ ಬಿಡೋ. ಊರಿನ ಕಣ್ಣೆಲ್ಲ ನಿನ್ನ ಮ್ಯಾಲೆ ಐತೆ. ಅಷ್ಟೂ ದಿನ ಅವ್ಳ ಮ್ಯಾಲೆ ಬೀಳಲ್ಲ. ತಾಯಿ ತೋರ್ಸಿದ ದಾರಿ ಇದು. ತಿನ್ನು."

ಸುದ್ದಿಗೆ ಕಾಲಿಲ್ಲ, ಬಸ್ಸಿದೆ. ತ್ಯಾವಣಿಗೆಯಿಂದ ಹೊರಟಾಗ ಅದು ಹೊಟ್ಟೆನೋವು. ಹೊನ್ನಾಳಿಯ ಸಂತೆಯಲ್ಲಿ ಇಳಿಯುವಾಗ ಒಂದು ಕಿಡ್ನಿ. ನ್ಯಾಮತಿ ಮುಟ್ಟುವಷ್ಟರಲ್ಲಿ ಎರಡೂ ಕಿಡ್ನಿ. ಮಂಗಳವಾರ ನ್ಯಾಮತಿಯಿಂದ ಭೀಮೇಶನ ಚಿಕ್ಕಪ್ಪನ ಫೋನು ಬಂತು. ಯಾವುದೋ ಬೇರಿನ ಕಷಾಯ ಕುಡಿದರೆ ಕಿಡ್ನಿ ಹೊಸದಾಗಿ ಚಿಗುರುತ್ತದಂತೆ. "ಒಂದು ನಿಂದು ಇಟ್ಕೋ, ಇನ್ನೊಂದು ಬೇಕಾದ್ರೆ ನನ್ನದು ತಗಾ ಮಗ" ಎಂದು ಆ ಮುಪ್ಪಿನ ಮನುಷ್ಯ ಅತ್ತೇಬಿಟ್ಟ. ಭೀಮೇಶನೂ ಅತ್ತ. ಆ ಅಳು ನಿಜವಾದದ್ದೇ. ಅಷ್ಟು ಹೊತ್ತಿಗೆ ಆರು ಮೋಸಂಬಿ ತಿಂದಿದ್ದ.

ಗುರುವಾರ ಸಂಘದ ಅಧ್ಯಕ್ಷ ಮಹೇಶ್ವರಪ್ಪ ಬಂದರು. ಬಿಳಿ ಪಂಚೆ, ಹಣೆತುಂಬ ವಿಭೂತಿ, ಕಂಕುಳಲ್ಲಿ ಪಾಳಿಪುಸ್ತಕ. ಕೂತು, ಮೇಲೆ ನೋಡಿ, ಕೆಳಗೆ ನೋಡಿ, ಕೆಮ್ಮಿದರು.

"ಭೀಮೇಶ, ಸಂಘದ ಸಭೆ ಮಾಡಿದ್ವಪ್ಪ. ಎಲ್ಲಾರೂ ನಿನ್ನ ಗುಣಗಾನ ಮಾಡಿದ್ರು."

"ಅಧ್ಯಕ್ಷ್ರೆ, ಅಂಥಾದ್ದೇನಿಲ್ಲ..."

"ಮಾತಾಡಬ್ಯಾಡ, ಆಯಾಸ ಆಗ್ತೈತೆ. ಹದಿನೈದು ವರ್ಷ ಕಾಲುವೆ ನೀರಿನ ಪಾಳಿ ಬರೆದು, ಒಂದು ಹೊಡೆದಾಟ ಆಗಾಕೆ ಬಿಡಲಿಲ್ಲ ನೀನು. ನಮ್ಮ ಸಿದ್ದೇಶ್ ಎದ್ದು ನಿಂತು ಹೇಳಿದ, ಇಂಥ ಗುಮಾಸ್ತ ಇನ್ನೊಬ್ಬ ಸಿಗಲ್ಲ ಅಂತ. ಹೋದ ವರ್ಷ ತನ್ನ ಪಾಳಿ ತಪ್ಪಿಸಿದೀಯಾ ಅಂತ ನಿನ್ನ ಕಾಲರ್ ಹಿಡಿದಿದ್ನಲ್ಲ, ಅವನೇ. ಎರಡು ನಿಮಿಷ ಎಲ್ಲಾರೂ ಮೌನವಾಗಿ ನಿಂತ್ವಿ."

"ನಾನಿನ್ನೂ ಬದುಕಿದೀನಲ್ಲ ಸಾರ್!"

"ಅದಕ್ಕೇ ಬೇಗ ಬಂದೆ." ಮಹೇಶ್ವರಪ್ಪ ಪುಸ್ತಕ ತೆರೆದು ಮುಂದಿಟ್ಟರು. "ನಿನ್ನ ಅಕ್ಷರ ನಿನ್ನ ಬಿಟ್ರೆ ಶಿವನಿಗೂ ಓದಾಕೆ ಬರಲ್ಲ. ಕೆಳಗಿನ ತೂಬಿನೋರು ಇದು ಬುಧವಾರ ಅಂತಾರೆ, ಮೇಲಿನೋರು ಶನಿವಾರ ಅಂತಾರೆ. ದೇವರು ನಿಂಗೆ ನೂರು ವರ್ಷ ಕೊಡ್ಲಿ. ಆದ್ರೆ ಅದಕ್ಕಿಂತ ಮುಂಚೆ ಇಷ್ಟನ್ನು ನಂಗೆ ಓದಿ ಹೇಳಿಬಿಡಪ್ಪ. ಪೈರು ಹೊಡೆಗೆ ಬಂದೈತೆ, ಈಗ ನೀರು ತಪ್ಪಿದ್ರೆ ಕಾಳು ಕಟ್ಟಲ್ಲ."

ಭೀಮೇಶ್ ಓದಿದ, ಅಧ್ಯಕ್ಷರು ದುಂಡಗೆ ಬರೆದುಕೊಂಡರು. ಪ್ರತಿ ಪುಟ ಮುಗಿದಾಗಲೂ ತಪ್ಪದೆ ಅವನ ಬಾಯಿಗೊಂದು ಸೇಬಿನ ಹೋಳಿಟ್ಟರು. ಪುಸ್ತಕದಲ್ಲಿ ನಲವತ್ತೆರಡು ಪುಟಗಳಿದ್ದವು. ಹೋಗುವಾಗ ಬಾಗಿಲಲ್ಲಿ ನಿಂತು, "ನಿನ್ನ ಹೆಸರಲ್ಲಿ ಮೃತ್ಯುಂಜಯ ಜಪ ಮಾಡ್ಸಾಕೆ ಹೇಳೀನಿ" ಎಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಜನ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಭೀಮೇಶ್ ಎಂದೋ ಬಚಾವಾಗುತ್ತಿದ್ದ.

ಶನಿವಾರದ ಹೊತ್ತಿಗೆ ಮನೆಯ ಸ್ಥಿತಿ ವಿಚಿತ್ರವಾಗಿತ್ತು. ಸಾಯುವವನ ಕೆನ್ನೆ ಕೆಂಪೇರಿ ಹೊಳೆಯುತ್ತಿತ್ತು; ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಕೂರಲು ಒಲ್ಲೆನೆನ್ನುತ್ತಿತ್ತು. "ಮುಖದಾಗೆ ನೀರು ತುಂಬ್ಕೊಂಡೈತೆ" ಎಂದು ಊರು ಅದಕ್ಕೂ ಅರ್ಥ ಹೇಳಿತು. ಗಟ್ಟಿಯಾಗಿದ್ದ ದುರ್ಗಾಂಬಿಕಾಳ ಮುಖ ಮಾತ್ರ ಬಿಳಿಚಿ ಇಷ್ಟಾಗಿತ್ತು. ಗಂಜಿ, ಮಾತ್ರೆ, ನಾಲ್ಕು ತುತ್ತು ಸೊಪ್ಪಿನ ಸಾರು. ಹಣ್ಣೆಂಬುದು ಒಂದು ಚೂರೂ ನಿಲ್ಲುತ್ತಿರಲಿಲ್ಲ. ಭೀಮೇಶ್ ತನ್ನ ಚಾಪೆ ಬಿಟ್ಟೆದ್ದು ಅವಳ ಪಕ್ಕ ಕೂತ. ಹೋದ ಸಲವೂ ಹೀಗೇ ಬಿಳಿಚಿಕೊಂಡಿದ್ದಳು.

"ಏನು ತಿಂದ್ರೆ ನಿಲ್ತೈತೆ ಹೇಳು ದುರ್ಗಿ. ಆಕಾಶದಾಗಿದ್ರೂ ತರ್ತೀನಿ."

ಅವಳು ಅತ್ತೆ ಹತ್ತಿರವಿಲ್ಲವೆಂದು ನೋಡಿ, "ಸೀತಾಫಲ" ಎಂದಳು.

ಭೀಮೇಶ್ ಅಂಗಿ ಹಾಕಿಕೊಂಡು ಬಾಗಿಲು ದಾಟಿದ. ದಾಟಿದ ಕೂಡಲೇ ಓಣಿಯ ನಾಲ್ಕು ಜನ ಓಡಿ ಬಂದು, ರಟ್ಟೆ ಹಿಡಿದು, "ಎಲ್ಲಿಗೆ ಹೊಂಟೆ ಇಂಥಾ ಮೈಯಾಗೆ?" ಎಂದು ಎತ್ತಿಕೊಂಡು ಬಂದು ಚಾಪೆಯ ಮೇಲೆ ಮಲಗಿಸಿದರು. ಅಜ್ಜಮ್ಮ ಬಾಗಿಲಿಗೆ ಅಡ್ಡ ಕೂತಳು.

ಭಾನುವಾರ ಬೆಳಗ್ಗೆ ಓಣಿಗೆ ಓಮ್ನಿ ಗಾಡಿಯೊಂದು ಹಾರ್ನ್ ಬಾರಿಸುತ್ತ ನುಗ್ಗಿತು. ಹಿಂದಿನ ಸೀಟು ಕಿತ್ತು ಹಾಸಿಗೆ ಹಾಸಲಾಗಿತ್ತು. ಇಳಿದವನು ಜಗಳೂರಿನ ಓಬಣ್ಣ, ದುರ್ಗಾಂಬಿಕಾಳ ಅಪ್ಪ. ಆಳೆತ್ತರದ ಮನುಷ್ಯ, ಕೆಂಪು ಟವೆಲ್ಲು, ಗುಡ್ಡದಾಚೆಗೂ ಕೇಳುವ ಗಂಟಲು.

"ಏನ್ ಅಳಿಯಂದ್ರೆ! ನಾನು ಸತ್ತಿದ್ನಾ? ನನ್ನ ಮಗಳ ಕುಂಕುಮದ ವಿಷಯ ನಂಗೆ ನ್ಯಾಮತಿಯೋರು ಹೇಳ್ಬೇಕಾ? ಏಳ್ರಿ! ದಾವಣಗೆರೆ ದೊಡ್ಡಾಸ್ಪತ್ರೆಗೆ ಹೋಗಾನ!"

"ಮಾವ, ಬ್ಯಾಡ. ನಾಳೆ ಒಂದು ದಿನ ಕಳೀಲಿ..."

"ನಾಳೆ ಅನ್ನೋದು ಕಂಡೋರ್ಯಾರು? ಹಿಡೀರೋ ಕಾಲು!"

ಮಹೇಶ್ವರಪ್ಪ ಎಡಗಾಲು ಹಿಡಿದರು. ಪಾಳಿಪುಸ್ತಕ ಓದಿಸಿಕೊಂಡಾಗಿತ್ತಲ್ಲ, ಅವರಿಗೀಗ ನಿಶ್ಚಿಂತೆ. ಬಲಗಾಲನ್ನು ಸಿದ್ದೇಶ್ ಹಿಡಿದ. ಭೀಮೇಶ್ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಆಸ್ಪತ್ರೆಗೆ ಹೋದರೆ ರೋಗವಿಲ್ಲವೆಂದು ಗೊತ್ತಾಗುತ್ತದೆ. ರೋಗವಿಲ್ಲವೆಂದರೆ ಹಣ್ಣು ಯಾರಿಗೆ, ವಾಂತಿ ಯಾರದು ಎಂಬ ಲೆಕ್ಕ ಮೊದಲಿನಿಂದ ಶುರು. ಅಜ್ಜಮ್ಮನ ಬೆರಳಿಗೆ ಆ ಲೆಕ್ಕ ಎಷ್ಟು ಹೊತ್ತಿನದು? ಇನ್ನೊಂದೇ ದಿನ! ಗಾದ್ರಮ್ಮ ದೇವರ ಕೋಣೆಗೆ ಓಡಿದಳು. ಓಣಿಯ ಹೆಂಗಸರು ಗೊಳೋ ಎಂದರು.

ಆ ಗದ್ದಲದ ನಡುವೆ ಯಾವುದೋ ಪರಿಮಳ ಹಿಡಿದವಳಂತೆ ದುರ್ಗಾಂಬಿಕಾ ಹೊರಗೆ ಬಂದಳು. ಅಪ್ಪನನ್ನು ನೋಡಲಿಲ್ಲ, ಗಂಡನನ್ನು ನೋಡಲಿಲ್ಲ. ಓಮ್ನಿಯ ಮುಂದಿನ ಸೀಟಿನಲ್ಲಿ ಒಂದು ಬುಟ್ಟಿಯಿತ್ತು. ಬುಟ್ಟಿಯ ತುಂಬ ಗುಡ್ಡದ ಸೀತಾಫಲ. ಕಣ್ಣು ಬಿಟ್ಟು, ಮಾಗಿ, ಮುಟ್ಟಿದರೆ ಒಡೆಯುವಂಥವು. ತವರಿನಿಂದ ಬರುವವನು ಬರಿಗೈಯಲ್ಲಿ ಬರಬಾರದೆಂದು ಅವಳ ತಾಯಿ ಕಣ್ಣೀರಿನಲ್ಲೇ ತುಂಬಿಕೊಟ್ಟದ್ದು. ದುರ್ಗಾಂಬಿಕಾ ಬುಟ್ಟಿಯನ್ನು ಇಳಿಸಿಕೊಂಡು, ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಒಂದನ್ನು ಎರಡು ಹೋಳು ಮಾಡಿ ತಿನ್ನತೊಡಗಿದಳು. ಬೀಜಗಳನ್ನು ಎಡಗೈಯಲ್ಲಿ ಉಗುಳಿ ಕೂಡಿಟ್ಟಳು. ಒಂದಾಯಿತು, ಎರಡಾಯಿತು, ಮೂರಾಯಿತು.

"ಅಯ್ಯಯ್ಯೋ," ಎಂದಳು ಅಜ್ಜಮ್ಮ. "ಅತ್ಲಾಗೆ ಗಂಡನ್ನ ಹೊತ್ಕೊಂಡು ಹೊಂಟವ್ರೆ, ಇತ್ಲಾಗೆ ಇವ್ಳು ಹಣ್ಣು ತಿಂತಾಳೆ! ಎಂಥಾ ಕಲ್ಲು ಮನಸ್ಸೇ ನಿಂದು?"

ಓಬಣ್ಣನೂ ತಿರುಗಿ ನೋಡಿದ. ನೋಡಿದವನು ಹಾಗೇ ನಿಂತುಬಿಟ್ಟ. ಹೀಗೆ ಕಾಲು ಇಳಿಬಿಟ್ಟು, ಹೀಗೆ ಲೋಕ ಮರೆತು, ಹೀಗೆ ಬೀಜಗಳನ್ನು ಎಡಗೈಯಲ್ಲಿ ಕೂಡಿಟ್ಟುಕೊಂಡು ಸೀತಾಫಲ ತಿನ್ನುವ ಹೆಂಗಸನ್ನು ಅವನು ಬದುಕಿನಲ್ಲಿ ನಾಲ್ಕು ಸಲ ನೋಡಿದ್ದ. ನಾಲ್ಕು ಸಲವೂ ಅವಳು ಅವನ ಹೆಂಡತಿ. ಅವನಿಗೆ ನಾಲ್ಕು ಮಕ್ಕಳು.

ಓಬಣ್ಣ ಮಗಳ ಬಿಳಿಚಿದ ಮುಖ ನೋಡಿದ. ದೇವರ ಕೋಣೆಯಿಂದ ಇಣುಕುತ್ತಿದ್ದ ಬೀಗಿತ್ತಿಯನ್ನು ನೋಡಿದ. ಚೌಕಟ್ಟು ತಬ್ಬಿಕೊಂಡ ಅಳಿಯನ ದುಂಡು ಕೆನ್ನೆ ನೋಡಿದ. ಅವನ ಗಂಟಲು ಮೊದಲ ಸಲ ಸಣ್ಣದಾಯಿತು.

"ಕಾಲು ಬಿಡ್ರಿ," ಎಂದ.

"ಯಾಕ್ರೀ ಓಬಣ್ಣಾರೆ?" ಎಂದರು ಮಹೇಶ್ವರಪ್ಪ.

"ಗಾಡಿ ಬ್ಯಾಡ. ನಮ್ಮ ಅಳಿಯಂದ್ರಿಗೆ ಏನಾಗೈತೆ ಅಂತ ನಂಗೆ ತಿಳೀತು. ಇದು ನಮ್ಮ ಮನ್ಯಾಗೂ ಆಗಿತ್ತು. ಭಯ ಇಲ್ಲ. ದೇವರು ಇಟ್ಟ ದಿನಕ್ಕೆ ಸರಿಯಾಗಿ ವಾಸಿ ಆಗ್ತೈತೆ."

"ಏನು ಕಾಯಿಲೆ ಅಂತ?"

ಓಬಣ್ಣ ಒಂದು ಗಳಿಗೆ ಯೋಚಿಸಿದ. "ವಂಶದ್ದು," ಎಂದ. "ಈಗ ಎಲ್ಲಾರೂ ಮನೆಗೆ ನಡೀರಿ. ರೋಗಿಗೆ ಗಾಳಿ ಬೇಕು. ಅಜ್ಜಮ್ಮಾರೆ, ನೀವೂ."

ಅಜ್ಜಮ್ಮನನ್ನು ಬಾಗಿಲಿನಿಂದ ಎಬ್ಬಿಸಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ. ಆಕೆ ಎದ್ದಳು. ಓಬಣ್ಣ ಆ ಜಾಗದಲ್ಲಿ ತಾನೇ ಗೋಡೆಯ ಹಾಗೆ ಕೂತ. ಅಳಿಯ ಪಕ್ಕಕ್ಕೆ ಬಂದು ನಿಂತಾಗ ತಲೆಯೆತ್ತದೆ ಹೇಳಿದ:

"ನಾನು ಏನೂ ಕೇಳಲ್ಲ. ನೀವು ಏನೂ ಹೇಳಬ್ಯಾಡ್ರಿ. ಎಷ್ಟು ದಿನ ಕಾವಲು ಕುಂದರ್ಬೇಕು, ಅಷ್ಟು ಹೇಳ್ರಿ."

"ನಾಳೆ ಸೋಮವಾರ ಮಾವ, ಮಧ್ಯಾಹ್ನದ ತನಕ."

"ಆತು." ಓಬಣ್ಣ ಟವೆಲ್ಲಿನಿಂದ ಮೂಗೊರೆಸಿಕೊಂಡ. "ಹೋದ ಸಲ ಬಾಯಿ ಬಿಟ್ಟೋನು ನಾನೇ. ಈ ಸಲ ನನ್ನ ನಾಲಿಗೆ ಕತ್ತರಿಸಿದ್ರೂ ಹೇಳಲ್ಲ."

ಗಾದ್ರಮ್ಮ ಬಂದು, ಸೊಸೆಯ ಎಡಗೈಯಲ್ಲಿದ್ದ ಬೀಜಗಳನ್ನು ನೋಡಿದಳು. ನಾಲ್ಕನೇ ಹಣ್ಣೂ ನಿಂತಿತ್ತು. ಹಿತ್ತಿಲಿಗೆ ಯಾರೂ ಓಡಲಿಲ್ಲ. ಆಕೆ ಆ ಬೀಜಗಳನ್ನು ತನ್ನ ಸೆರಗಿಗೆ ಹಾಕಿಕೊಂಡು, "ಇನ್ನೊಂದು ತಿನ್ನು" ಎಂದಳು.

ಸೋಮವಾರ ಚನ್ನಗಿರಿಯಲ್ಲಿ ಡಾಕ್ಟರ್ ಮಾಲಾ ಸ್ಕ್ಯಾನಿಂಗ್ ಯಂತ್ರದಲ್ಲಿ ಕೂಸಿನ ಎದೆಬಡಿತವನ್ನು ಅವರಿಗೂ ಕೇಳಿಸಿದರು. ಬೇಸಿಗೆ ಮುಗಿದು ಮೊದಲ ಸಲ ತೂಬು ಎತ್ತಿದಾಗ ಒಣ ಕಾಲುವೆಯ ಕಲ್ಲುಗಳ ಮೇಲೆ ನೀರು ಓಡಿ ಬರುವ ಸದ್ದನ್ನು ಭೀಮೇಶ್ ಹದಿನೈದು ವರ್ಷದಿಂದ ಕೇಳಿದ್ದ. ಇದು ಅದೇ. ದಡಬಡ, ದಡಬಡ, ನಿಲ್ಲದೆ. ದುರ್ಗಾಂಬಿಕಾ ಅವನ ಬೆರಳು ಹಿಡಿದಿದ್ದಳು; ಆ ಹಿಡಿತಕ್ಕೆ ಬೆರಳು ಬೆಳ್ಳಗಾಗಿತ್ತು.

"ಚೆನ್ನಾಗಿದೆ," ಎಂದರು ಡಾಕ್ಟರು. "ಏನು ತಿಂತಿದ್ದೀರಮ್ಮ?"

"ಸೀತಾಫಲ," ಎಂದಳು ಅವಳು, ಅತ್ತೆಯ ಕಡೆ ನೋಡದೆ.

"ತಿನ್ನಿ, ಒಳ್ಳೇದು. ಪೇರಲ, ಬಾಳೆಹಣ್ಣು, ಕಿತ್ತಲೆ, ಯಾವುದು ಹೊಟ್ಟೆಗೆ ಒಗ್ಗುತ್ತೋ ಅದು. ಚೆನ್ನಾಗಿ ತೊಳೆದು, ಹದವಾಗಿ ತಿನ್ನಿ, ಬರೀ ಒಂದನ್ನೇ ಅಲ್ಲ. ಪರಂಗಿಕಾಯಿ ಒಂದು ಬೇಡ."

"ನಾನು ಹೇಳ್ಳಿಲ್ವಾ!" ಎಂದಳು ಗಾದ್ರಮ್ಮ. ಏಳು ಹಣ್ಣು ಸೋತರೂ ಒಂದು ಗೆದ್ದ ಸಂಭ್ರಮ.

ಡಾಕ್ಟರು ಭೀಮೇಶನ ಅಂಗಿಯ ಗುಂಡಿ ನೋಡಿದರು. "ನೀವು ಸ್ವಲ್ಪ ಕಡಿಮೆ ತಿನ್ನಿ. ನಿಮ್ಮದೇ ಮೊದಲು ಕಾಣ್ತಿದೆ."

ಮಧ್ಯಾಹ್ನ ಗಾದ್ರಮ್ಮ ಹೊಸ ಸೀರೆಯುಟ್ಟು, ಕುಂಕುಮದ ಬಟ್ಟಲು, ಸಕ್ಕರೆ ಹಿಡಿದು ಮನೆ ಮನೆಗೆ ಹೋದಳು. ಓಬಣ್ಣನಿಗೆ ಬಾಯಿ ಬಿಡಲು ಅಪ್ಪಣೆಯಾಯಿತು. ಅವನು ಓಣಿಯ ನಡುವೆ ನಿಂತು ಒಂದೇ ಸಲ ಕೂಗಿದ. ಗಾದ್ರಮ್ಮನ ಅರ್ಧ ಕೆಲಸ ಉಳಿಯಿತು.

ಅಜ್ಜಮ್ಮ ಸೊಂಟಕ್ಕೆ ಕೈಯಿಟ್ಟು ಬಂದಳು. "ಲೇ ಭೀಮ! ಹತ್ತು ದಿನ ಮೋಸಂಬಿ ನಾರು ಕಿತ್ತು ಕಿತ್ತು ನನ್ನ ಉಗುರು ಹೋದ್ವಲ್ಲೋ! ಸುಳ್ಳು ಹೇಳೋನಲ್ಲ ಅಂತಿದ್ದೆ?"

"ನಾನೆಲ್ಲಿ ಹೇಳಿದೆ ದೊಡ್ಡವ್ವ? ಹೇಳಾಕೆ ಆಗಲ್ಲ ಅಂದೆ, ಅಷ್ಟೇ."

ಆಕೆ ಒಳಗೆ ಹೋಗಿ ದುರ್ಗಾಂಬಿಕಾಳ ತಲೆ ನೇವರಿಸಿ, ಏನನ್ನೂ ಕೇಳದೆ ಬಂದಳು. ಏನನ್ನೂ ಕೇಳದೆ! ಆ ಓಣಿಯಲ್ಲಿ ಹಾಗೆ ಹಿಂದೆಂದೂ ಆಗಿರಲಿಲ್ಲ. ಮಹೇಶ್ವರಪ್ಪ ಮಾತ್ರ ಜಪದ ಪ್ರಸಾದ ತಂದು ಕೊಟ್ಟು, "ನಿನ್ನ ಹೆಸರಲ್ಲಿ ಮಾಡ್ಸಿದ್ದು. ಇರ್ಲಿ, ಕೂಸಿಗೆ ಆಯುಸ್ಸು ಆಗ್ಲಿ. ನೀನು ನಾಳೆ ಕೆಲಸಕ್ಕೆ ಬಾ. ನಾನು ಬರೆದದ್ದು ಈಗ ನಂಗೇ ಓದಾಕೆ ಬರ್ತಿಲ್ಲ" ಎಂದರು.

ಮರುದಿನ ಬೆಳಗ್ಗೆ ಹಿತ್ತಿಲ ಬಚ್ಚಲಲ್ಲಿ ದುರ್ಗಾಂಬಿಕಾ ವಾಂತಿ ಮಾಡಿಕೊಂಡಳು. ನಿದ್ದೆಗಣ್ಣಿನಲ್ಲಿ ಭೀಮೇಶ್ ಎದ್ದು, ತಂಬಿಗೆ ಹಿಡಿದು ಹೊರಗೆ ಬಂದು, ಗಳಗಳನೆ ಬಾಯಿ ಮುಕ್ಕಳಿಸಿ ಉಗುಳಿದ.

ಗೋಡೆಯ ಮೇಲೆ ಅಜ್ಜಮ್ಮನ ತಲೆ ಕಂಡಿತು.

"ಇನ್ನೂ ಯಾಕೋ ಮುಕ್ಕಳಿಸ್ತೀಯ? ಎಲ್ಲಾರಿಗೂ ಗೊತ್ತಾತಲ್ಲ."

ಭೀಮೇಶ್ ತಂಬಿಗೆಯನ್ನು ನೋಡಿದ, ಬಚ್ಚಲ ಕಡೆ ನೋಡಿದ.

"ಇರ್ಲಿ ದೊಡ್ಡವ್ವ," ಎಂದ. "ಅವ್ಳು ಒಬ್ಳೇ ಆಗಬಾರ್ದು ಅಂತ."